ಎರಡು ಕವಳದ ದಾರಿ

ಕುಮಟೆಯಲ್ಲಿ ಬೋರ್ಡು ಬರೆಯುವವ ನಾನು.
ಹಲ್ಲಿನ ಡಾಕ್ಟರು, ಐಸ್‌ಕ್ಯಾಂಡಿ, ಇಲ್ಲಿ ದೋಣಿ ಕಟ್ಟಬಾರದು,
ಮನೆ ಬಾಡಿಗೆಗಿದೆ.
ಫ್ಲೆಕ್ಸು ಬಂದ ಮೇಲೆ ಕುಂಚ ಒಣಗಿ
ಪೊರಕೆಯ ಕಡ್ಡಿಯಾಗಿತ್ತು.

ಮಾಘದ ಒಂದು ಸೋಮವಾರ ಇಲಾಖೆಯವರು ಕರೆದರು:
ಘಟ್ಟದ ಬುಡದಿಂದ ಮಿರ್ಜಾನದ ಕೋಟೆಯ ತನಕ
ಹೇರೆತ್ತು ನಡೆದ ಹಳೆಯ ದಾರಿ ಇದೆಯಂತೆ,
ಬೆನ್ನಿಗೆ ಚೀಲ ಕಟ್ಟಿದವರು ಸುಮ್ಮನೆ ನಡೆಯಲೆಂದೇ ಬರುತ್ತಾರಂತೆ,
ಅವರು ತಪ್ಪಬಾರದು. ಕಲ್ಲಿಗೊಂದು ಬಾಣ.
ಹಳದಿ ಬಣ್ಣ ನಾಲ್ಕು ಲೀಟರು,
ಬಾಣಕ್ಕೆ ಹನ್ನೆರಡು ರೂಪಾಯಿ.

ದಾರಿ ತೋರಿಸಲು ಬುದವಂತಿ ಗೌಡ ಬಂದಳು,
ಬರಿಗಾಲು, ಸೊಂಟದಲ್ಲಿ ಕವಳದ ಸಂಚಿ.
ನನ್ನ ಡಬ್ಬ ನೋಡಿ ನಕ್ಕಳು:
'ದಾರಿಗೇ ದಾರಿ ಹೇಳೂಕೆ ಬಂದ್ಯಾ?'

ಬಾಣ ಬರೆಯುವುದು ಸಸಾರವಲ್ಲ.
ಚಿರೆಕಲ್ಲು ಎಷ್ಟು ಬಣ್ಣ ಕೊಟ್ಟರೂ ಕುಡಿಯುತ್ತದೆ,
ಕರಿಗಲ್ಲು ಉಗುಳುತ್ತದೆ.
ಕೆಲವು ಕಲ್ಲಿನ ಮೇಲೆ ಗೊರಸು ಸವೆಸಿದ ಗುಳಿ,
ಬೆರಳಿಟ್ಟರೆ ಬಟ್ಟಲ ಹಾಗೆ ನುಣುಪು.
ಅಂಥದರಲ್ಲೊಂದು ಕೇಪಳದ ಹೂ ಬಿದ್ದಿತ್ತು,
ಅದನ್ನು ಬಿಟ್ಟು ಪಕ್ಕದ ಕಲ್ಲಿಗೆ ಬರೆದೆ.

ಮತ್ತೊಂದಕ್ಕೆ ಕುಂಚ ಎತ್ತಿದಾಗ
'ಅದ್ಕೆ ಬೇಡ' ಅಂದಳು. 'ಹುಲಿದೇವ್ರು.
ಅದ್ಕೆ ದಾರಿ ಗೊತ್ತಿದೆ.'

ಗದ್ದೆಯಂಚಿಗೆ ದಣಪೆ.
ಮೂರು ಗಳ ಸರಿಸಿ ದಾಟಿದಳು, ತಿರುಗಿ
ಮೂರೂ ಗಳ ಹಾಕಿದಳು. 'ಇದ್ನೂ ಬರಿ.
ದಾಟಿದವ ಹಾಕಿ ಹೋಗ್ಬೇಕು.'
ಬಾಣದಲ್ಲಿ ಅದನ್ನು ಹೇಗೆ ಬರೆಯಲಿ?

ಉಪ್ಪಿನಪಟ್ಟಣದಲ್ಲಿ
ಉಪ್ಪೂ ಕಾಣಲಿಲ್ಲ, ಪಟ್ಟಣವೂ.
ಅಂಗಡಿಯಲ್ಲಿ ಮುರುಗಲ ಪಾನಕ ಕುಡಿಯುತ್ತ
ಸುಣ್ಣ ಉದುರಿದ ಗೋಡೆ ನೋಡಿದೆ:
'ಬೆಳ್ಳಿಮೀನು ಬೀಡಿ'.
ಆ ಳ-ಕಾರದ ಬಾಲ, ಅದನ್ನು ಹಾಗೆ ಎಳೆಯುತ್ತಿದ್ದವರು
ಜಿಲ್ಲೆಗೆ ಒಬ್ಬರೇ. ನನ್ನ ಪಾಸ್ಕು ಮೇಸ್ತ್ರಿ.
ಏಣಿ ಹೊತ್ತುಕೊಂಡು ಇಲ್ಲಿ ತನಕ
ಯಾವ ಬಾಣ ನೋಡಿ ನಡೆದು ಬಂದರೋ.
ಗ್ಲಾಸು ಕೆಳಗಿಟ್ಟೆ. ಒಂದಿಷ್ಟು ಹೊತ್ತು
ಬೆರಳಿನಿಂದಲೇ ಆ ಬಾಲ ತಿದ್ದಿದೆ.
ಅಂಗಡಿಯವಳು 'ಬೀಡಿ ಇಲ್ಲ' ಅಂದಳು.

ಮುಂದೆ ಹೊಳೆ ಜೊತೆಗೆ ಬಂತು.
ಸಿಗಡಿ ಕಟ್ಟೆಯ ವಾಸನೆ, ಕಾಂಡ್ಲಗಿಡ, ಕವಲೊಡೆದ ದಾರಿ.
ಅಲ್ಲೊಂದು ಹಲಗೆ ನೆಡಬೇಕು: ಮಿರ್ಜಾನ ಇಷ್ಟು ದೂರ.
'ಎಷ್ಟು?' 'ಎರಡು ಕವಳ.'
'ಕಿಲೋಮೀಟರಿನಲ್ಲಿ?'
'ಅಜ್ಜನ ಕಾಲಕ್ಕೂ ಎರಡೇ.
ನಡ್ಯುವವ ಮುದಿಯಾದ್ರೆ
ಕವಳನೂ ತಡ ಕರಗ್ತದೆ.'
ಹಲಗೆಯಲ್ಲಿ ಅಂಕೆಗೆ ಜಾಗ ಬಿಟ್ಟೆ. ಅದು ಈಗಲೂ ಖಾಲಿ.

ಮೊದಲ ಕವಳ ಮಸೀದಿಯ ಹುಣಸೆಮರಕ್ಕೆ ಮುಗಿಯಿತು.
ಎರಡನೆಯದನ್ನು ಅವಳು ಉಗಿದು ತಲೆ ಎತ್ತಿದಾಗ
ಎದುರಿಗೆ ಕೋಟೆ, ಕಂದಕ, ಕಾವಲುಗಾರ:
'ಇಲ್ಲಿ ಬಣ್ಣ ಹಚ್ಚಬಾರದು.'
ಆ ಬೋರ್ಡೂ ನಾನೇ ಬರೆದದ್ದು, ಹಿಂದೊಮ್ಮೆ.

ಅವಳು ಬಸ್ಸು ಹತ್ತಿದಳು. ಬೆಳಿಗ್ಗೆ ನಾನೊಬ್ಬನೇ
ಬಂದ ದಾರಿಯಲ್ಲೇ ತಿರುಗಿ ಹೊರಟೆ, ಬಾಣ ಎಣಿಸುತ್ತ.
ಒಂದೊಂದೂ ನನ್ನ ಎದೆಗೇ ಗುರಿಯಿಟ್ಟಿತ್ತು.
ವಾಪಸು ಬರುವವನ ಬಗ್ಗೆ
ಇಲಾಖೆಯವರೂ ಯೋಚಿಸಿರಲಿಲ್ಲ, ನಾನೂ.
ಮುಂದೆ ಎರಡು ಕಾಲುದಾರಿ, ಎರಡೂ ಒಂದೇ ಥರ.
ಬಗ್ಗಿ ನೋಡಿದೆ:
ಎಡಗಡೆಯ ಒಣಗಿದ ತೇಗದ ಎಲೆಯ ಮೇಲೆ
ನಿನ್ನೆಯ ಕೆಂಪು ಉಗುಳು.
ಅದನ್ನೇ ಹಿಡಿದು ನಡೆದೆ.

ಬಿಲ್ಲಿನಲ್ಲಿ ಬರೆದೆ:
ಬಾಣ, ನೂರಾ ತೊಂಬತ್ತೊಂದು.
ದಣಪೆ, ಒಂದು. ದಾಟಿ ಹಾಕಿದ್ದೇನೆ.