ಇಪ್ಪತ್ತು ಕೊಪ್ಪರಿಗೆ

ಬೆಳಗಿನ ಐದೂ ಮುಕ್ಕಾಲು. ದುರ್ಗಿಗುಡಿಯಲ್ಲಿ
ಇನ್ನೂ ಯಾರೂ ಕಸ ಗುಡಿಸಿಲ್ಲ.
ಆನವಟ್ಟಿ ಕಡೆಯಿಂದ ಹೂವಮ್ಮನ ಫೋನು:
"ಫ್ಯಾಟು ತೋರಿಸ್ತು, ಚೀಟಿ ಬರ್ಲಿಲ್ಲ ಕಣ್ರೀ.
ಜನ ಕ್ಯಾನು ಹಿಡ್ಕೊಂಡು ನಿಂತಿದಾರೆ, ಎಂತ ಮಾಡ್ಲಿ?"

ಎಂತ ಮಾಡಲಿ ಎಂದು ನಾನು ಸರ್ವರನ್ನು ಕೇಳಿದೆ.
ಅದು ಸತ್ತಿರಲಿಲ್ಲ, ಅದೇ ತೊಂದರೆ.
ಸತ್ತಿದ್ದರೆ ಗೊತ್ತಾಗುತ್ತಿತ್ತು; ಇದು ಕಣ್ಣು ಬಿಟ್ಟುಕೊಂಡೇ
ಕಾಯುತ್ತಿತ್ತು. ಸಿಪಿಯು ಮೂರು ಪರ್ಸೆಂಟು, ಮೆಮೊರಿ ತಣ್ಣಗೆ,
ಡೇಟಾಬೇಸಿಗೆ ಹೋಗುವ ಇಪ್ಪತ್ತು ಕನೆಕ್ಷನ್ನೂ
ಯಾರದೋ ಕೈಯಲ್ಲಿ.
ಹೊರಗೆ ನಾನೂರ ಹನ್ನೆರಡು ಹಳ್ಳಿ, ತಲಾ ಒಂದು ಯಂತ್ರ,
ತಲಾ ಒಂದು ಸಾಲು, ಸಾಲಿನ ಕೊನೆಗೆ
ಕೆಚ್ಚಲ ಬಿಸಿ ಆರದ ಹಾಲು.

ನೂರಕ್ಕೆ ಏರಿಸು ಅಂತು ಮನಸ್ಸು. ಅದು ಸೋಮಾರಿ ಮನಸ್ಸು.
ಕಳೆದ ದೀಪಾವಳಿಗೆ ಏರಿಸಿ ನೋಡಿದ್ದೆ:
ನೂರು ಜನರ ಮಾತು ಒಟ್ಟಿಗೇ ಕೇಳಲು ಹೋಗಿ
ಯಾರಿಗೂ ಉತ್ತರ ಕೊಡದೆ ಡೇಟಾಬೇಸು ಮಲಗಿತ್ತು.

ಕೆಳಗೆ ಗಫಾರ್ ಸಾಬರ ಶಾಮಿಯಾನ ಅಂಗಡಿ.
ಇಪ್ಪತ್ತು ಕೊಪ್ಪರಿಗೆ. ಮೂವತ್ತು ವರ್ಷದಿಂದ ಇಪ್ಪತ್ತೇ.
ಮದುವೆಗೆ, ಉರುಸಿಗೆ, ಹೆಣ ಎತ್ತಿದ ಮನೆಯ ತಿಥಿಗೆ
ಇವೇ ಹೋಗಿ, ಇವೇ ಬಂದು, ಮತ್ತೆ ಇವೇ.
ಹೊಸದು ತನ್ನಿ ಸಾಬರೇ ಎಂದರೆ ನಗುತ್ತಾರೆ:
"ಹೋದದ್ದು ವಾಪಸ್ ಬಂದ್ರೆ ಇಪ್ಪತ್ತರಲ್ಲೇ ಊರು ಉಣ್ಣುತ್ತೆ.
ಬರದಿದ್ರೆ ಇನ್ನೂರು ಇದ್ದೂ ನಾನು ಕೋಡಂಗಿ,
ಇಸ್ಕೊಂಡವನು ಈರಭದ್ರ."
ಅವರ ಉದ್ದ ಪುಸ್ತಕದಲ್ಲಿ ಮೂರು ಕಲಂ.
ಒಯ್ದ ಹೊತ್ತು. ತಂದ ಹೊತ್ತು.
ಮದುವೆ ಮುರಿದರೆ ಯಾರು ತರುತ್ತಾರೆ.

ಅವರಲ್ಲಿ ಕೆಲಸಕ್ಕೆ ಒಬ್ಬನೇ, ತಿಪ್ಪೇಶ.
ಯಾರ ಬಾಗಿಲಲ್ಲೂ ನಿಲ್ಲುವವನಲ್ಲ:
ಇಳಿಸಿದ, ಹೊರಟ; ಕರೆದರೆ ಬಂದ, ಎತ್ತಿದ, ಹೊರಟ.
ನನ್ನ ಸರ್ವರಿನೊಳಗೂ ಅಂಥದೇ ಒಂದು ಥ್ರೆಡ್ಡು,
ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರಬೇಕಾದದ್ದು.

ಆರೂ ಹತ್ತಕ್ಕೆ ಅದು ನಿಂತ ಜಾಗ ಕಂಡಿತು.
ಉಗ್ರಾಣದ ಬಾಗಿಲಲ್ಲಿ ನಿಂತಿತ್ತು, ಪಾತ್ರೆ ಬರಲಿ ಎಂದು.
ಬರಬೇಕಾದ ಪಾತ್ರೆಯೋ ತೊಳೆದು, ಕವುಚಿ, ರಿಪ್ಪನ್‌ಪೇಟೆಯ
ಯಾವುದೋ ಲೆಕ್ಕದ ಹತ್ತಿರ ಕೂತಿದೆ,
ಹೊತ್ತು ತರುವವನು ಬರಲಿ ಎಂದು.
ತರಬೇಕಾದವನೇ ಕಾಯುವವನು.
ನಗು ಬಂತು. ಫೋನು ಮತ್ತೆ ಹೊಡೆದುಕೊಂಡಿತು; ಎತ್ತಲಿಲ್ಲ.

ಅದು ಇಪ್ಪತ್ತನೆಯದು. ಉಳಿದ ಹತ್ತೊಂಬತ್ತು?

ಮೂರನೇ ಕಲಂ ಹುಡುಕಿದೆ.
ಹಾಲು ಒಪ್ಪಿದರೆ ಬರೆದು, ಚೀಟಿ ಕೊಟ್ಟು, ಕನೆಕ್ಷನ್ನು ವಾಪಸು.
ನೀರು ಬೆರೆತದ್ದಾದರೆ ಅಲ್ಲೇ, ಆ ಸಾಲಿನಲ್ಲೇ,
'ಬೇಡ' ಅಂದು ಎದ್ದು ಬಂದುಬಿಟ್ಟಿದೆ ಕೋಡು.
ಪ್ರತಿ ತಿರಸ್ಕಾರಕ್ಕೂ ಒಂದು ಕೊಪ್ಪರಿಗೆ
ಆ ಮನೆಯಲ್ಲೇ ಉಳಿದಿದೆ.
ಬರೆದವರು ಯಾರು ಅಂತ ನೋಡಿದರೆ
ಎರಡು ವರ್ಷದ ಹಿಂದಿನ ತಾರೀಕು, ನನ್ನದೇ ಹೆಸರು.

ಇಷ್ಟು ದಿನ ಸಿಕ್ಕಿಬೀಳದ್ದು ಹೇಗೆಂದರೆ
ಶನಿವಾರ ರಾತ್ರಿ ಎಲ್ಲ ಆರಿಸಿ ಹಚ್ಚುತ್ತಿದ್ದೆ,
ಸುಮ್ಮನೆ, ಅಭ್ಯಾಸಕ್ಕೆ.
ಈ ಶನಿವಾರ ಗಾಜನೂರಿಗೆ ಹೋದವಳು ಮರೆತೆ.

ನಾಲ್ಕು ಸಾಲು ತಿದ್ದಿದೆ. ಗೆದ್ದರೂ ಸೋತರೂ ವಾಪಸು.
ಕಾಯುವುದಿದ್ದರೆ ಬಾಗಿಲಲ್ಲಿ ಬೇಡ, ಹೆಸರು ಬರೆಸಿ ಹೋಗು,
ಮೂರು ಸೆಕೆಂಡಿಗೆ ಸಿಗದಿದ್ದರೆ ಇಲ್ಲ ಅಂತ ಹೇಳು.
ಮೇಲೆ ಒಂದು ಕಾಮೆಂಟು, ಕನ್ನಡದಲ್ಲೇ:
ಮದುವೆ ಮುರಿದರೆ ಯಾರು ತರುತ್ತಾರೆ.
ಮುಂದೆ ಓದುವವರು ತಲೆ ಕೆರೆದುಕೊಳ್ಳಲಿ.

ಆರೂ ನಲವತ್ತು. ಕೆಳಗೆ ಶಟರು ಎದ್ದ ಸದ್ದು.
ಪರದೆಯ ಮೇಲೆ ಹದಿನೇಳು, ಹದಿನಾಲ್ಕು, ಹತ್ತೊಂಬತ್ತು,
ಹೋಗುತ್ತಿವೆ, ಬರುತ್ತಿವೆ.

ಹೂವಮ್ಮನ ದನಿ ತಗ್ಗಿತ್ತು:
"ಚೀಟಿ ಬಂತು. ಎಲ್ಲರದ್ದೂ ಬಂತು.
ಗಂಗಿಯದ್ದು ಮಾತ್ರ ಬೇಡ ಅಂತ ಬಂದಿದೆ ನೋಡಿ.
ಒಂದು ಗಂಟೆ ನಿಂತಿದ್ಲು. ಈಗ ಅವಳಿಗೆ ಹೆಂಗೆ ಹೇಳ್ಲಿ?"

ಪೂಲಿನಲ್ಲಿ ಆ ಕನೆಕ್ಷನ್ನು ಆಗಲೇ ವಾಪಸು ಬಂದಿತ್ತು.
ನಾನು ಫೋನು ಹಿಡಿದೇ ಇದ್ದೆ.