ಎರಡು ಬೆರಳು ಸಂದು

"ಭಾರ ಎಷ್ಟು ಬೀಳುತ್ತೆ?" ಅಂದರು ಇಮ್ತಿಯಾಜ್ ಸಾಬರು
ಗಾಡಿಯಡಿಯಿಂದ.
ಹೊರಗೆ ಕಾಣುತ್ತಿದ್ದದ್ದು ಬರೀ ಕಾಲು,
ಗ್ರೀಸು ಕುಡಿದ ಹವಾಯಿ ಚಪ್ಪಲಿ.
ಕೇಜಿ ಲೆಕ್ಕ ರುಕ್ಕಮ್ಮನಿಗೆ ಬರದು.
"ಮುಹೂರ್ತಕ್ಕೆ ನಾನೂರು ಎಲೆ.
ಹಿಂದಿನ ರಾತ್ರಿ ಏಳುನೂರು.
ತಿಥಿ ಆದ್ರೆ ಇನ್ನೊಂದಿಷ್ಟು ಸೇರಿಸ್ಕೊ,
ಅತ್ಕೊಂಡು ಬಂದೋರು ಒಂದು ಮುದ್ದೆ ಜಾಸ್ತಿ ಉಣ್ತಾರೆ."

ಸಾಬರು ಈಚೆ ಬಂದು
ಚಾಸಿಸ್ಸಿನ ಮೇಲೆ ಸೀಮೆಸುಣ್ಣದಲ್ಲಿ
ಎಲೆಗಳನ್ನು ಕ್ವಿಂಟಾಲು ಮಾಡಿದರು.

ಗಾಡಿ ತಗ್ಗಿಸಿದ್ದು ಶೋಕಿಗಲ್ಲ,
ಮುಳಬಾಗಿಲಿನ ಪಡ್ಡೆಗಳು ಹಾಗೆಂದುಕೊಂಡು
ಸೀಟಿ ಹೊಡೆದದ್ದುಂಟು.
ಆಯಮ್ಮನ ಮಂಡಿ ಎರಡೂ ಸವೆದಿದ್ದವು.
ಹಿಂದಿನ ಹಲಗೆ ಎದೆಮಟ್ಟ.
ಒಂದು ದಿನ ಕೊಳಗ ಇಳಿಸುವಾಗ ಕೈಜಾರಿ
ಚಪ್ಪರದ ಬಾಯಿಗೇ ಅವರೆಕಾಳು ಸಾರಿನ ಹೊಳೆ,
ಬೀಗರ ಜರತಾರಿ ಪಂಚೆ ಅದರಲ್ಲಿ ನೆನೆದು...
ಆ ವಾರವೇ ನಾನು ಎದುರು ನಿಂತು
ಆಕ್ಸಲ್ಲಿನ ಮೇಲಿದ್ದ ಪಟ್ಟಾ ಕೆಳಕ್ಕೆ ಕಟ್ಟಿಸಿದೆ,
ಎರಡು ಬ್ಲೇಡು ಕಳಚಿಸಿದೆ.
ಈಗ ಹಲಗೆ ಜಗಲಿಯ ಹಾಗೆ.
ಆಯಮ್ಮ ಕೂತು ಎಲೆಅಡಿಕೆ ಹಾಕುತ್ತಾಳೆ,
ಕೊಳಗ ಜಾರಿಸಿದರೆ ಸಾಕು, ಎತ್ತುವಂತಿಲ್ಲ.

ಆದರೆ ತುಂಬಿದ ಗಾಡಿ ಕುಂತಿತೆಂದರೆ ಕುಂತಿತು.
ನರಸಿಂಹತೀರ್ಥದ ಹಂಪು,
ಹೈಸ್ಕೂಲಿನ ಮುಂದೆ ಒಂದರ ಬೆನ್ನಿಗೊಂದು ಮೂರು.
ಹಿಂದೆ ದಢ್ ಅಂದರೆ ನನ್ನ ದವಡೆಯಲ್ಲಿ ನೋವು.
ಸೌಟುಗಳು ತಾವೇ ಬಡಿಸಿಕೊಳ್ಳುತ್ತವೆ.

ಸಾಬರು ಮೂರು ತೆಗೆದಿಟ್ಟರು.
ರಬ್ಬರಿನ ಬುಗ್ಗೆ, ಕರೀ ಜಾಮೂನಿನಂಥದ್ದು.
"ಬೇಸಿಗೇಲಿ ಸೀಳುತ್ತೆ" ಅಂತ ತಾವೇ ಸರಿಸಿದರು.
ಗಾಳಿಚೀಲ. "ದಿನಾ ಬೆಳಿಗ್ಗೆ ಗಾಳಿ ನೋಡ್ಬೇಕು."
"ನನ್ನ ಹೊಟ್ಟೆ ಗಾಳೀನೇ ನೋಡ್ಕೊಳಕ್ಕಾಗಲ್ಲ, ಅದ್ಯಾರು ನೋಡ್ತಾರೆ."
ಉಳಿದದ್ದು ಹೆಲ್ಪರ್ ಪಟ್ಟಿ,
ಎಣ್ಣೆಗಪ್ಪು, ತುಸುವೇ ಬಾಗಿದ್ದು.
"ಇದು ಗಾಡೀನ ಎತ್ತಲ್ಲಮ್ಮ, ಎತ್ತರ ಹಂಗೇ ಇರುತ್ತೆ.
ಖಾಲಿ ಇದ್ದಾಗ ಏನೂ ಕೆಲಸ ಮಾಡಲ್ಲ.
ಎರಡು ಬೆರಳು ಸಂದು ಬಿಟ್ಟು ಸುಮ್ನೆ ನಿಂತಿರುತ್ತೆ."
"ನಮ್ಮ ಯಜಮಾನ್ರ ಹಂಗೆ."
"ಭಾರ ಬಿದ್ರೆ ಬಂದು ಕೈ ಕೊಡುತ್ತೆ."
"ಹಂಗಾದ್ರೆ ಅವರ ಹಂಗಲ್ಲ ಬಿಡು, ಹಾಕು."

ಹಾಕುವುದೇನು, ಎಷ್ಟು ಹಾಕುವುದೆಂದೇ ಮಧ್ಯಾಹ್ನ ಕಳೆಯಿತು.
ಮರಳಿನ ಮೂಟೆ ಹೇರಿ,
ನಡುವೆ ಒಂದು ಕೊಳಗ ನೀರು, ಬಾಯಿಮಟ್ಟ.
ಆಯಮ್ಮ ಅದರ ಪಕ್ಕವೇ ಕೂತಳು, ಇಳಿ ಅಂದರೆ ಇಳಿಯಲಿಲ್ಲ.
ದಪ್ಪದ್ದು ಎರಡು ಕಟ್ಟಿ ಹೈಸ್ಕೂಲಿನವರೆಗೆ ಹೋದೆವು:
ನೀರು ಎದ್ದು ಅವಳ ಮಡಿಲಿಗೆ.
"ಇದು ಕಲ್ಲು ಹೊರೋರಿಗೆ. ಸಾರೇನು ಕಲ್ಲಾ?"
ತೆಳುವಾದ್ದು ಒಂದೇ: ಮತ್ತೆ ಅದೇ ದಢ್.
ದಪ್ಪದ್ದೊಂದು, ಅದರಡಿ ತೆಳುವಿನದ್ದೊಂದು:
ಮೂರನೇ ಹಂಪಿನಲ್ಲೂ ನೀರು
ಅಂಚು ನೆಕ್ಕಿ ಒಳಗೇ ಕುಂತಿತು.
ಕನ್ನಡಿಯಲ್ಲಿ ನೋಡಿದೆ,
ಒದ್ದೆ ಸೆರಗು ಹಿಂಡುತ್ತಾ ತಲೆಯಾಡಿಸಿದಳು.

"ಹಳೇ ಬ್ಲೇಡು ಎರಡು ಇದ್ವಲ್ಲ, ತಂದ್ರೆ ದುಡ್ಡು ಮುರಿತೀನಿ."
"ಅವು ಆಗಲೇ ಈಳಿಗೆ ಆದ್ವು" ಅಂದಳು ಆಯಮ್ಮ,
"ಕುಂಬಳಕಾಯಿ ಮೇಲೆ ಕೂತಿದಾವೆ."

ಮೊನ್ನೆ ಆವಣಿಯಲ್ಲಿ ಯಾರದೋ ಹನ್ನೊಂದನೇ ದಿನ.
ಹೋಗುವಾಗ ಪಟ್ಟಿ ಬಂದು ತಾಗಿದ್ದು
ಸೀಟಿನಡಿ ಗೊತ್ತಾಯಿತು,
ಯಾರೋ ಹಿಂದಿನಿಂದ ಬೆನ್ನಿಗೆ ಅಂಗೈ ಇಟ್ಟ ಹಾಗೆ.
ಬರುವಾಗ ಕತ್ತಲು.
ಪಕ್ಕದಲ್ಲಿ ಆಯಮ್ಮನಿಗೆ ಜೊಂಪು,
ಹಿಂದೆ ಖಾಲಿ ಕೊಳಗಗಳು ಒಂದರೊಳಗೊಂದು.
ಹಂಪು ದಾಟಿತು. ಕಣ್ಣು ಬಿಡದೆ ಕೇಳಿದಳು:
"ತಾಗ್ತಾ?"
"ಇಲ್ಲ."
"ಸರಿ. ಎಲ್ಲಾರೂ ಉಂಡವ್ರೆ."