ಹುಲ್ಲಿಲ್ಲದ ಓಣಿ

ಕ್ಯಾಂಪಿನ ಕ್ಲಬ್ಬಿನವರು ಹರಾಜಿಗಿಟ್ಟಿದ್ದರು:
ಮುರುಕು ಕುರ್ಚಿ, ಹರಿದ ಟೆನ್ನಿಸ್ ಜಾಳಗಿ, ಇದೊಂದು.
ಹುಲ್ಲು ಕೊಯ್ಯೂ ಗಾಡಿ. ಮ್ಯಾಲ ಕುಂತು ಹೊಡಿಯೂದು.
ಹಸಿರು ಬಣ್ಣ ಮುಕ್ಕಾಲು ಹೋಗಿ
ಉಳಿದದ್ದು ತುಕ್ಕೋ ಕೆಸರೋ ತಿಳಿಯೂದಿಲ್ಲ.
ಗುಜರಿ ಮಕ್ತುಮ ತೂಕದ ಲೆಕ್ಕದಾಗ ಕೇಳಿದ,
ನಾ ಅವಗಿಂತ ಐದನೂರು ಹೆಚ್ಚು ಕೂಗಿದೆ.
ಯಾಕ ಕೂಗಿದಿ ಅಂತ ಇನ್ನೂ ಕೇಳ್ತಾಳ ಚಂಪವ್ವ.

ವಡಗಾಂವಿ ಓಣ್ಯಾಗ ಹುಲ್ಲೆಲ್ಲಿ ಐತಿ?
ಗಟಾರದ ಅಂಚಿಗೆ ನಾಕು ಎಳಿ,
ಅದನ್ನೂ ದುರಗವ್ವನ ಆಡು ಬಿಡೂದಿಲ್ಲ.
ಎರಡೂ ಕಡೆ ಮಗ್ಗ, ಹಗಲೂ ರಾತ್ರಿ ಖಟಾ ಖಟಾ.
ಮಾತು ಕೇಳಬೇಕಂದ್ರ ಕರೆಂಟು ಹೋಗಬೇಕು.

ಉದ್ಯಮಬಾಗದಾಗ ಮೂವತ್ತೊಂದು ವರ್ಷ ಲೇಥ್ ಮುಂದ ನಿಂತವ ನಾ.
ನಿಂತೇ ದುಡಿದೆ. ಮೀನಖಂಡದ ನರ ಬಳ್ಳಿಯಾದವು.
ಕೂದಲೆಳಿಯಷ್ಟು ಹೆಚ್ಚು ಕಡಿಮಿ ಬೆರಳಿಗೇ ತಿಳೀತಿತ್ತು.
ಆ ಸೊಕ್ಕಿನ ಮ್ಯಾಲ ನಟ್ಟು ಬಿಚ್ಚಿದೆ.

ಟಾಕಿಯಾಗಿನ ಹಳೇ ಪೆಟ್ರೋಲು ಬಸಿದರ
ಚಾದಂಥ ಬಣ್ಣ, ವಾರ್ನಿಶ್ ನಾತ.
ಏರ್ ಫಿಲ್ಟರಿನೊಳಗ ಕಣಜ ಮಣ್ಣಿನ ಮನಿ ಕಟ್ಟಿತ್ತು,
ಬಾಡಿಗಿ ಇಲ್ಲದ ಮೂರು ಖೋಲಿ.
ಮರಿ ಹಾರಿ ಹೋಗಿದ್ದವು. ಖಾತ್ರಿ ಮಾಡಿಕೊಂಡು ಒಡೆದೆ.
ಬ್ಯಾಟರಿ ಮಕ್ತುಮನ ಟೆಂಪೋದ್ದು, ಕಡ.

ಬ್ರೇಕ್ ಪೆಡಲ್ ಒತ್ತಿದರಷ್ಟ ಕೀಲಿ ತಿರಗತೈತಿ.
ನನಗೋ ಎಂಜಿನ್ ಬಾಜೂಕ ನಿಂತು ನೋಡಬೇಕು.
ಅದಕ್ಕ ಪೆಡಲ್ ಮ್ಯಾಲ ಚಂಪವ್ವನ ರುಬ್ಬೂ ಗುಂಡು ಇಟ್ಟೆ.
ಪ್ಲಗ್ಗಿನ ಮಸಿ ಉಜ್ಜಿ, ಬಾಡಿಗೆ ತಾಗಿಸಿ ನೋಡಿದೆ:
ನೀಲಿ ಕಿಡಿ, ಜೀರಿಗಿ ಕಾಳಿನಷ್ಟು.
ಕಿಡಿ ಐತಿ. ಎಣ್ಣಿ ಐತಿ. ಗಾಳಿ ಐತಿ.
ಇನ್ನೇನ ಬೇಕು ನಿನಗ?

ಧಡ್ ಅಂದು ಚಾಲೂ ಆತು!
ಓಣಿ ತುಂಬ ಬಿಳಿ ಹೊಗಿ, ಮಗ್ಗ ಬಿಟ್ಟು ಹುಡುಗರು ಬಂದರು.
ಗುಂಡು ತಗದೆ. ಸತ್ತು ಹೋತು.
ಮತ್ತ ಇಟ್ಟೆ, ಚಾಲೂ. ತಗದೆ, ಬಂದ್.
ಒಂಬತ್ತು ಸಲ. ಎಣಿಸಿದವರು ಹುಡುಗರು.

ಎರಡನೇ ಐತವಾರ ಕಾರ್ಬೋರೇಟರ್ ಬಿಚ್ಚಿ ತಾಟಿನಾಗ ಹರವಿದೆ.
ಸೂಜಿ ಹಾಕಿದರ ತೂತು ಅಗಲಾಗತೈತಿ,
ವೈರಿನಾಗಿಂದು ಒಂದೇ ತಾಮ್ರದೆಳಿ ತೂರಿಸಿ ತೊಳೆದೆ.
ಗ್ಯಾಸ್ಕೆಟ್ ಹರಿದಿತ್ತು. ಹಳೇ ಜಕಾರ್ಡ್ ಪಟ್ಟಿ ಕತ್ತರಿಸಿದೆ,
ತೂತಿಲ್ಲದ ಜಾಗ ಹುಡುಕಿ.
ಯಾವ ಸೀರಿಯ ನವಿಲಿನ ಎರಡು ಕಾಲಿನ ನಡುವಿನ ಬಯಲೋ,
ಈಗ ಪೆಟ್ರೋಲು ತಡೀತೈತಿ.
ಗುಂಡು ಇಟ್ಟೆ, ಚಾಲೂ. ತಗದೆ, ಬಂದ್.
“ಕಾಯಿಲ್ ಹೋಗೇತಿ,” ಅಂದ ಪಾಯಪ್ಪ, ಫೋನಿನಾಗ.
ಹೊಸಾದ್ದಕ್ಕ ಎರಡು ಸಾವಿರದ ಏಳುನೂರು.
ತಂದೆ. ಮನ್ಯಾಗ ಹೇಳಲಿಲ್ಲ.
ಹಾಕಿದೆ. ಅದೂ ಹಂಗ.

ಮೂರನೇ ಐತವಾರ ಕರೆಂಟು ಹೋತು.
ಓಣಿಯ ಕಿವ್ಯಾಗ ಹತ್ತಿ ಇಟ್ಟಂಗಾತು.
ಬಾಬಿನ್ ಸುತ್ತೂದು ಬಿಟ್ಟು ಚಂಪವ್ವ ಹೊರಗ ಬಂದಳು,
ಕುಂಡ್ರಾಕ ಜಾಗ ನೋಡಿದಳು.
ಕಟ್ಟಿ ತುಂಬ ನನ್ನ ಪಾನಾ, ಸ್ಕ್ರೂ, ಎಣ್ಣಿ ಚಿಂದಿ.
ಗಾಡಿ ಏರಿ ಕುಂತಳು, ತೊಡಿ ಮ್ಯಾಲ ಬಳ್ಳೊಳ್ಳಿ ತಾಟು.
ಇಳಿ ಅನ್ನಾಕೂ ಬ್ಯಾಸರಾಗಿ ಕೀಲಿ ತಿರುವಿದೆ.
ಗುಂಡು ತಗದೆ.

ನಡೀತು.

ಬಳ್ಳೊಳ್ಳಿ ಸಿಪ್ಪಿ ತಾಟಿನಾಗ ಕುಣಿಯಾಕ ಹತ್ತಿದವು.
ಹೆದರಿ ಎದ್ದಳು. ಬಂದ್.
“ನಾ ಏನೂ ಮುಟ್ಟಿಲ್ಲ!”
ಕುಂಡ್ರು, ಅಂದೆ. ಇನ್ನೊಮ್ಮೆ ಏಳು. ಇನ್ನೊಮ್ಮೆ ಕುಂಡ್ರು.
ಸೀಟಿನ ಕೆಳಗ ಕೈ ಹಾಕಿದೆ: ಹೆಬ್ಬೆರಳಿನಷ್ಟು ಒಂದು ಸ್ವಿಚ್ಚು.
ಕುಂತವ ಉರುಳಿದರ ಅಲಗು ಅವನ ಕಾಲಿಗೆ ಬರಬಾರದಂತ
ಯಾರೋ ಪುಣ್ಯಾತ್ಮ ಇಟ್ಟದ್ದು.
ಮ್ಯಾಲ ಮೈಭಾರ ಇಲ್ಲಂದ್ರ ಕಿಡಿ ಕೊಡೂದಿಲ್ಲ.
ಒಂಬತ್ತು ವರ್ಷದ ಸಮೀನಾನ್ನ ಕುಂಡ್ರಿಸಿದೆ, ಒಪ್ಪಲಿಲ್ಲ.
ತಾಟು ಹಿಡಕೊಂಡ ಚಂಪವ್ವನೇ ಆಗಬೇಕು.

ಮೂರು ವಾರ ಬ್ಯಾನಿ ಹುಡುಕಿದೆ.
ಕುಂಡ್ರೂದೊಂದು ಬಿಟ್ಟು ಎಲ್ಲಾ ಮಾಡಿದ್ದೆ.

ಎರಡು ವೈರು ಕೂಡಿಸಿ ಸ್ವಿಚ್ಚು ತಗದು ಒಗಿ, ಅಂತಾನ ಪಾಯಪ್ಪ.
ಒಗಿಯಲಿಲ್ಲ. ಗಿಯರ್ ತೋರಿಸಿದೆ ಅಕಿಗೆ.
ಅಲಗು ಮ್ಯಾಲೆತ್ತಿ, ಹುಲ್ಲಿಲ್ಲದ ಓಣ್ಯಾಗ
ದುರಗವ್ವನ ಆಡು ಬೆನ್ನು ಹತ್ತಿ ಹೊಂಟಳು, ಸೆರಗು ಸಿಗಿಸಿಕೊಂಡು,
ಕಾಲು ಚಾಚಿ.
ಅಷ್ಟರಾಗ ಕರೆಂಟು ಬಂತು. ಮಗ್ಗ ಶುರು ಆದವು.
ಬಾಬಿನ್ನಿಗೆ ಅಂತ ಒಳಗಿಂದ ಯಾರೋ ಅಕಿನ್ನ ಕರೆದರು.
ನಿಲ್ಲಿಸೂದು ಹೆಂಗ ಅಂತ ಅಕಿ ತುಟಿ ಆಡಿದ್ದು ಕಂಡಿತು.
ಎದ್ದರ ಸಾಕು, ಅಂತ ಒದರಿದೆ.
ಕೇಳಿತೋ ಇಲ್ಲೋ.
ಏಳಲಿಲ್ಲ.